ಜಪಾಟಾ ಹೆಸರು ಉಳಿಯಿತು, ಜಮೀನಿನ ಮಾತು ಬದಲಾಯಿತು

ನಮ್ಮ ಹೊಲಗಳ ಮೆಕ್ಕೆಜೋಳದ ತವರು ಮೆಕ್ಸಿಕೊ. ಅಲ್ಲಿ 1910ರಲ್ಲಿ ಶುರುವಾದ ಕ್ರಾಂತಿಯಲ್ಲಿ ಹಳ್ಳಿಯವರು ಕೇಳಿದ್ದು ಉಳುವ ನೆಲವನ್ನು. ಆ ಮಾತು ಮುಂದೆ ಏನಾಯಿತು ಎಂಬುದನ್ನು ನಾವಿಲ್ಲಿ ಹೇಳಹೊರಟಿದ್ದೇವೆ.

ಮೊರೆಲೋಸ್ ಪ್ರಾಂತ್ಯದಲ್ಲಿ ಕಬ್ಬಿನ ದೊಡ್ಡ ಎಸ್ಟೇಟುಗಳು ಊರುಗಳ ಜಮೀನು, ನೀರು ಎರಡನ್ನೂ ನುಂಗುತ್ತಿದ್ದವು. 1909ರಲ್ಲಿ ಅನೆನೆಕುಯಿಲ್ಕೊ ಎಂಬ ಸಣ್ಣ ಊರಿನವರು ಮೂವತ್ತು ವರ್ಷದ ಎಮಿಲಿಯಾನೊ ಜಪಾಟಾನನ್ನು ಮುಖ್ಯಸ್ಥನನ್ನಾಗಿ ಆರಿಸಿ, ಜಮೀನಿನ ಹಳೇ ಕಾಗದಪತ್ರಗಳನ್ನು ಅವನ ಕೈಗೆ ಒಪ್ಪಿಸಿದರು. ಅರ್ಜಿಗಳಿಂದ ಕೆಲಸವಾಗದೆ ಅವನು ಬಂದೂಕು ಹಿಡಿದ. ಕಿತ್ತುಕೊಂಡ ನೆಲ ಊರಿಗೆ ವಾಪಸ್ ಬರಬೇಕು ಎಂದು 1911ರಲ್ಲಿ ಘೋಷಿಸಿದ. 1917ರ ಸಂವಿಧಾನದ 27ನೇ ವಿಧಿ ಅದಕ್ಕೆ ದಾರಿ ಮಾಡಿತು. 1919ರಲ್ಲಿ ಅವನನ್ನು ಮೋಸದಿಂದ ಕೊಂದರು. ಕೊಂದದ್ದು ಕ್ರಾಂತಿಯಿಂದಲೇ ಗದ್ದುಗೆಗೆ ಬಂದ ಸರ್ಕಾರದ ಸೈನ್ಯ!

ದೊಡ್ಡ ಪ್ರಮಾಣದಲ್ಲಿ ನೆಲ ಹಂಚಿದ್ದು ಅಧ್ಯಕ್ಷ ಲಾಸಾರೊ ಕಾರ್ಡೆನಾಸ್. 1934ರಿಂದ 1940ರೊಳಗೆ ಸುಮಾರು 1.8 ಕೋಟಿ ಹೆಕ್ಟೇರ್. ಊರಿಗೆ ಕೊಟ್ಟ ಇಂಥ ಜಮೀನಿಗೆ ಎಹಿದೊ ಎನ್ನುತ್ತಾರೆ. ಉಳಬಹುದು, ಒಬ್ಬ ವಾರಸುದಾರನಿಗೆ ಬಿಡಬಹುದು. ಮಾರುವಂತಿಲ್ಲ, ಗುತ್ತಿಗೆ ಕೊಡುವಂತಿಲ್ಲ, ಅಡ ಇಡುವಂತಿಲ್ಲ. ನೆಲ ಮತ್ತೆ ಕೈತಪ್ಪಬಾರದೆಂದು ಈ ಕಟ್ಟು. ಆದರೆ ಅಡ ಇಡಲಾಗದವನು ಸಾಲಕ್ಕೆ ಸರ್ಕಾರಿ ಬ್ಯಾಂಕಿಗೇ ಹೋಗಬೇಕು. ಬ್ಯಾಂಕು, ರೈತ ಸಂಘ ಎರಡೂ ಆಳುವ ಪಕ್ಷದ ಹಿಡಿತದಲ್ಲಿ. ಸಾಲಕ್ಕೆ ಯಾರ ಬಾಗಿಲು ಕಾಯಬೇಕೆಂದು ಗೊತ್ತಿರುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಷದ ಹೆಸರಲ್ಲೇ ಕ್ರಾಂತಿ ಇತ್ತು: ಸಾಂಸ್ಥಿಕ ಕ್ರಾಂತಿಕಾರಿ ಪಕ್ಷ. 2000ದವರೆಗೆ ಅಧ್ಯಕ್ಷರೆಲ್ಲ ಅದರವರೇ.

ಈ ನಡುವೆ ದೇಶವೇ ಬದಲಾಯಿತು. 1910ರಲ್ಲಿ ಸುಮಾರು 1.5 ಕೋಟಿ ಇದ್ದ ಜನ 1990ಕ್ಕೆ 8 ಕೋಟಿ ದಾಟಿದರು. ಹತ್ತರಲ್ಲಿ ಏಳು ಮಂದಿ ಪಟ್ಟಣದವರು. ಅಜ್ಜನ ನೆಲ ಒಬ್ಬ ಮಗನಿಗೆ ಹೋದರೆ ಉಳಿದವರು ಪಟ್ಟಣ ಹಿಡಿದರು, ಇಲ್ಲವೇ ಗಡಿ ದಾಟಿ ಅಮೆರಿಕ ಸೇರಿದರು.

1992ರಲ್ಲಿ ಅಧ್ಯಕ್ಷ ಕಾರ್ಲೋಸ್ ಸಾಲಿನಾಸ್ 27ನೇ ವಿಧಿ ತಿದ್ದಿ ಹಂಚಿಕೆ ನಿಲ್ಲಿಸಿದರು, ಎಹಿದೊ ಮಾರಾಟಕ್ಕೆ ದಾರಿ ತೆರೆದರು. ಅವರ ಮಗನ ಹೆಸರೂ ಎಮಿಲಿಯಾನೊ. 1994ರ ಜನವರಿ 1ರಂದು ಅಮೆರಿಕ, ಕೆನಡಾ ಜತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾಯಿತು. ಅದೇ ದಿನ ಚಿಯಾಪಾಸ್ ಪ್ರಾಂತ್ಯದ ಮೂಲನಿವಾಸಿ ರೈತರು ಜಪಾಟಾ ಹೆಸರಿನಲ್ಲೇ ಬಂಡೆದ್ದರು. ಮುಂದೆ ಅಮೆರಿಕದ ಅಗ್ಗದ ಮೆಕ್ಕೆಜೋಳ ಬಂದು, ಅದರ ತವರಲ್ಲೇ ರೈತನ ದರ ಕುಸಿಯಿತು.

ಆದರೂ ಹೆಚ್ಚಿನ ಊರುಗಳು ನೆಲವನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಮೆಕ್ಸಿಕೊದ ಸರಿಸುಮಾರು ಅರ್ಧ ನೆಲ ಇಂದಿಗೂ ಎಹಿದೊ ಮತ್ತು ಊರ ಸಮುದಾಯಗಳ ಹೆಸರಲ್ಲೇ ಇದೆ. ಆದರೆ ಆ ನೆಲದ ಹಕ್ಕುದಾರರಲ್ಲಿ ಬಹಳ ಮಂದಿಗೆ ವಯಸ್ಸಾಗಿದೆ. ಎಷ್ಟೋ ಮನೆಗಳು ನಡೆಯುತ್ತಿರುವುದು ಗಡಿಯಾಚೆಯಿಂದ ಮಕ್ಕಳು ಕಳಿಸುವ ಡಾಲರಿನಲ್ಲಿ.