ಕೊಡಚಾದ್ರಿ: ಹೆಸರಿನ ಬೇರು ಪುರಾಣದಲ್ಲೋ, ಕಾಡಿನಲ್ಲೋ?

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ 1343 ಮೀಟರ್ ಎತ್ತರಕ್ಕೆ ನಿಂತ ಕೊಡಚಾದ್ರಿಯ ಸುತ್ತ ಹಬ್ಬಿದ ಕಥೆಗಳಲ್ಲಿ ಎರಡು ಪ್ರಸಿದ್ಧ. ಕೋಲಮಹರ್ಷಿಯ ತಪಸ್ಸಿಗೆ ಒಲಿದ ದೇವಿ ಮೂಕಾಸುರನನ್ನು ಕೊಂದು ಮೂಕಾಂಬಿಕೆಯಾದದ್ದು ಒಂದು. ಶಂಕರಾಚಾರ್ಯರ ಬೆನ್ನಹಿಂದೆ ಬರುತ್ತಿದ್ದ ದೇವಿ, ಅವರು ತಿರುಗಿ ನೋಡಿದ್ದರಿಂದ ಕೊಲ್ಲೂರಿನಲ್ಲೇ ನೆಲೆನಿಂತದ್ದು ಇನ್ನೊಂದು. ಮೊದಲನೆಯದು ದೇವಿಯ ಹೆಸರಿಗೂ ಕೊಲ್ಲೂರಿನ ಹೆಸರಿಗೂ ಕಾರಣ ಹೇಳುತ್ತದೆ. ಎರಡನೆಯದು ಶಿಖರದ ಸರ್ವಜ್ಞಪೀಠಕ್ಕೂ ಕೆಳಗಿನ ಗುಡಿಗೂ ನಂಟು ಹೊಸೆಯುತ್ತದೆ. ಬೆಟ್ಟದ ಹೆಸರಿನ ಬಗ್ಗೆ ಎರಡೂ ಮೌನ. ಆ ಹೆಸರಿಗೆ ಜನ ಹೇಳುವ ವಿವರಣೆಯಲ್ಲಿ ದೇವರಿಲ್ಲ, ರಾಕ್ಷಸನಿಲ್ಲ, ಒಂದು ಮರವಿದೆ. ಸಂಸ್ಕೃತದಲ್ಲಿ ಕುಟಜವೆನಿಸಿ ಕಾಳಿದಾಸನ ಯಕ್ಷನ ಕೈಯಲ್ಲಿ ಮೇಘಕ್ಕೆ ಅರ್ಘ್ಯವಾದ ಹೂವಿನ ಮರ ಅದು. ಮಲೆನಾಡಿನವರಿಗೆ ಅದೇ ಕೊಡಸಿಗೆ: ಹೂವು ತಂಬುಳಿಗೆ, ತೊಗಟೆ ಆಮಶಂಕೆಯ ಕಷಾಯಕ್ಕೆ.

ಹಾಗಾದರೆ ಇದು ‘ಕುಟಜಾದ್ರಿ’ಯ ಅಪಭ್ರಂಶವಷ್ಟೇ ಎಂದು ಪಂಡಿತರು ಕೈತೊಳೆದುಕೊಳ್ಳಬಹುದು. ಆದರೆ ಅಪಭ್ರಂಶ ಎಂಬ ಮಾತು ಏನನ್ನೂ ವಿವರಿಸುವುದಿಲ್ಲ. ತಮಿಳಿನ ‘ಕುಡೈ’ ಕನ್ನಡದಲ್ಲಿ ‘ಕೊಡೆ’, ‘ಮುದಲ್’ ಇಲ್ಲಿ ‘ಮೊದಲ್’; ಅಂದರೆ ಇಂಥ ಪದಗಳಲ್ಲಿ ಮೊದಲ ಅಕ್ಷರದ ಉಕಾರದ ಜಾಗದಲ್ಲಿ ಒಕಾರ ಬರುವುದು ಕನ್ನಡದ ನಾಲಿಗೆಯ ರೂಢಿಯೇ. ‘ಕೊಡಚ’ದಲ್ಲಿ ಕಾಣುವುದೂ ಅದೇ ಒಕಾರ. ಜಕಾರವಿರಬೇಕಾದಲ್ಲಿ ಬಂದ ಚಕಾರವೂ ಕೊಡಸಿಗೆಯ ಸಕಾರಕ್ಕೇ ಹತ್ತಿರ. ಗ್ರಂಥದಿಂದ ನೇರವಾಗಿ ಇಳಿದುಬಂದ ಹೆಸರು ಹೇಗಿರುತ್ತದೆಂಬುದನ್ನು ಕೇರಳದ ಯಾತ್ರಿಕರು ಹೇಳುವ ‘ಕುಡಜಾದ್ರಿ’ ತೋರಿಸುತ್ತದೆ. ಅಲ್ಲಿ ಉಕಾರ, ಜಕಾರಗಳೆರಡೂ ಉಳಿದಿವೆ. ‘ಅದ್ರಿ’ ಸಂಸ್ಕೃತವಲ್ಲವೇ ಎಂದರೆ, ಹೌದು. ಅದು ಊರವರ ಬುಡಕ್ಕೆ ಓದಿದವರು ಕಟ್ಟಿದ ಕಸಿ ಎಂದು ನನ್ನ ಊಹೆ. ಹೆಚ್ಚು ಗಟ್ಟಿಯಾದ ಆಕ್ಷೇಪ ಬೇರೆಯದು: ಕೊಡಸಿಗೆ ಪಶ್ಚಿಮಘಟ್ಟದ ಉದ್ದಕ್ಕೂ ಬೆಳೆಯುವಾಗ ಈ ಒಂದೇ ಶಿಖರಕ್ಕೆ ಅದರ ಹೆಸರೇಕೆ? ಮರ ಅಪರೂಪವಾಗಿದ್ದರೆ ಮಾತ್ರ ಊರಿಗೆ ಅದರ ಹೆಸರು ಬರುತ್ತದೆಂದು ಇಲ್ಲಿ ಗ್ರಹಿಸಲಾಗಿದೆ. ಹುಣಸೂರಿನಲ್ಲಷ್ಟೇ ಹುಣಸೆ ಬೆಳೆಯುತ್ತದೆಯೇ? ಹೆಸರು ಹುಟ್ಟುವುದು ಬಳಕೆಯಿಂದ. ಕೊಡಚಾದ್ರಿಯ ನೆತ್ತಿ ಹುಲ್ಲುಗಾವಲು, ಮಡಿಲುಗಳಲ್ಲಿ ಶೋಲಾ ಕಾಡು. ಕೊಡಸಿಗೆಯ ಜಾಗ ಕೆಳಗಿನ ಇಳಿಜಾರು. ಆದ್ದರಿಂದ ಈ ಹೆಸರು ಪೀಠದ ಬಳಿ ನಿಂತವರದಲ್ಲ, ಬುಡದಲ್ಲಿ ಹೂವು, ತೊಗಟೆ ಆಯುತ್ತಿದ್ದವರದು.

ಈ ವಾದ ಇನ್ನೂ ಬಿಗಿಯಾಗಬೇಕಾದರೆ ಶಾಸನಗಳಷ್ಟೇ ಸಾಲವು. ಹೊಸನಗರದಿಂದ ಕೊಲ್ಲೂರಿನವರೆಗೆ ಊರೂರಿನಲ್ಲಿ ಈ ಮರವನ್ನು ಏನೆಂದು ಕರೆಯುತ್ತಾರೆಂಬುದನ್ನು ಉಚ್ಚಾರಣೆ ಸಹಿತ ದಾಖಲಿಸುವ ಕೆಲಸವನ್ನು ಸ್ಥಳನಾಮ ಸಂಶೋಧಕರು ಕೈಗೆತ್ತಿಕೊಳ್ಳಬೇಕು.