ಠರಾವಿನ ಪ್ರತಿ ಮತ್ತು ಸ್ಕೂಲ್ ಬೋರ್ಡಿನ ಕಥೆ

ನಾನು ಇತಿಹಾಸ ಓದಿದವನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವ. ಊರು ಬಿಟ್ಟು ನಾಸಿಕಕ್ಕೆ ಬಂದು ಮೂವತ್ತು ವರ್ಷದ ಮೇಲಾಯಿತು. ನಡುವೆ ಮೂರು ವರ್ಷ ಔರಂಗಾಬಾದಿಗೆ ವರ್ಗವಾಗಿತ್ತು. (2023ರಿಂದ ಅದರ ಹೆಸರು ಛತ್ರಪತಿ ಸಂಭಾಜಿನಗರ. ನಾನಿದ್ದಾಗಿನ ಮಾತಿಗೆ ಹಳೆಯ ಹೆಸರನ್ನೇ ಬಳಸುತ್ತೇನೆ.) ಈ ಬರಹ ಹುಟ್ಟಿದ್ದು ಅಲ್ಲಿನ ನನ್ನ ಟೇಬಲ್ಲಿನ ಮುಂದೆ.

2011ರ ಮಳೆಗಾಲ. ಹತ್ತಿರದ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆಯ ಮುಖ್ಯಾಧ್ಯಾಪಕರು ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಬಂದಿದ್ದರು. ಶಾಲೆಯ ಖಾತೆಗೆ ಸಹಿ ಬದಲಾಗಬೇಕಿತ್ತು. ಶಿಕ್ಷಣ ಹಕ್ಕು ಕಾಯಿದೆ ಬಂದ ಮೇಲೆ ಊರೂರಿನಲ್ಲಿ ಹೊಸ ಶಾಲಾ ವ್ಯವಸ್ಥಾಪನ ಸಮಿತಿಗಳಾಗಿದ್ದವು. ಖಾತೆ ಸಮಿತಿಯ ಅಧ್ಯಕ್ಷರು ಮತ್ತು ಮುಖ್ಯಾಧ್ಯಾಪಕರ ಜಂಟಿ ಸಹಿಯಲ್ಲಿ ನಡೆಯುತ್ತದೆ. ಸಹಿ ಬದಲಾಗಬೇಕಾದರೆ ಸಭೆಯ ಠರಾವಿನ ಪ್ರತಿ ಬೇಕು. ಮಾಸ್ತರರು ಅದನ್ನು ನನ್ನ ಮುಂದಿಟ್ಟರು. ನಾನು ಫಾರ್ಮ್ ತಿರುಗಿಸಿ, "ತಾಯೀ, ಇಲ್ಲಿ ಸಹಿ ಮಾಡಿ" ಅಂದೆ. (ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಮೊದಮೊದಲು ಹಾಗೆ ಕರೆಯುವಾಗ ನನಗೇ ನಗು ಬರುತ್ತಿತ್ತು!)

ಆಕೆ ಪೆನ್ನು ಮುಟ್ಟಲಿಲ್ಲ. "ಸಾಹೇಬ್, ಅದರಲ್ಲಿ ಏನು ಬರೆದಿದೆ, ಮೊದಲು ಓದಿ ಹೇಳಿ" ಅಂದರು.

ಓದಿದೆ. ಮೂರೇ ಠರಾವು. ಒಂದು, ಸಹಿ ಬದಲಾವಣೆ. ಎರಡು, ಹುಡುಗಿಯರ ಪಾಯಖಾನೆಗೆ ಬಾಗಿಲು ಹಚ್ಚಿಸುವುದು. ಮೂರು, ದಿನಾ ಒಬ್ಬ ಪಾಲಕರು ಬಂದು ಮಧ್ಯಾಹ್ನದ ಖಿಚಡಿ ರುಚಿ ನೋಡುವುದು. ಕೇಳಿ ತಲೆಯಾಡಿಸಿ ನಿಧಾನವಾಗಿ ಸಹಿ ಮಾಡಿದರು. ಆಮೇಲೆ, "ಪಾಸ್‌ಬುಕ್ಕಿನಲ್ಲಿ ಎಷ್ಟಿದೆ?" ಅಂತ ಕೇಳಿದರು. ಹೇಳಿದೆ. "ಶಾಲೆಗೆ ದುಡ್ಡು ಬರುತ್ತದೆ ಅನ್ನೋದೇ ನಮಗೆ ಇವತ್ತು ಗೊತ್ತಾಯಿತು" ಅಂದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಹೆಣ್ಣುಮಗಳು.

ಆ ರಾತ್ರಿ ನನಗೆ ಅಪ್ಪನ ನೆನಪಾಯಿತು. ಅಪ್ಪ 1954ರಲ್ಲಿ ಮುಂಬಯಿ ರಾಜ್ಯದ ಒಂದು ಕನ್ನಡ ಜಿಲ್ಲೆಯಲ್ಲಿ ಕನ್ನಡ ಸಾಲಿ ಮಾಸ್ತರರಾದವರು. ಮುಲ್ಕಿ ಪಾಸಾಗಿ, ಟ್ರೇನಿಂಗ್ ಮಾಡಿದ್ದರು. ನೌಕರಿ ಸರಕಾರದ್ದಲ್ಲ, ಜಿಲ್ಲಾ ಸ್ಕೂಲ್ ಬೋರ್ಡಿನದು. ಬೋರ್ಡಿನ ಮೀಟಿಂಗಿನ ಕಥೆಗಳನ್ನು ನಾವು ಮಕ್ಕಳು ದೆವ್ವದ ಕಥೆಯ ಹಾಗೆ ಕೇಳುತ್ತಿದ್ದೆವು. "ಮೀಟಿಂಗ್ ಅದ ಅಂದ್ರ ಮಾಸ್ತರ ಮಂದಿಗೆ ಎದಿ ಢವಢವ, ತಮ್ಮಾ. ಯಾರ ಬದ್ಲಿ ಎಲ್ಲಿಗಿ ಬರ್ದಾರೋ ಅಂತ!" ಒಬ್ಬ ಮೆಂಬರರ ಮನೆಯ ಮದುವೆಗೆ ದುಡಿಯಲು ಹೋಗಲಿಲ್ಲವೆಂದು ಅಪ್ಪನಿಗೂ ಒಮ್ಮೆ ಬದ್ಲಿಯಾಗಿತ್ತು. ಜಿಲ್ಲೆಯ ಹೆಸರು ಬೇಡ, ಮೆಂಬರರ ಹೆಸರಂತೂ ಬೇಡವೇ ಬೇಡ.

ಈ ಬೋರ್ಡು ಎಲ್ಲಿಂದ ಬಂತು, ಎಲ್ಲಿ ಹೋಯಿತು ಅನ್ನುವ ಕುತೂಹಲ ಅಂದಿನಿಂದ ಹಿಡಿಯಿತು. ಸಿಕ್ಕಿದ್ದನ್ನು ಓದುತ್ತ ಹೋದೆ.

ಕಥೆ ಶುರುವಾಗುವುದು ಒಂದು ಆಣೆಯಿಂದ. 1863ರ ಹೊತ್ತಿಗೆ ಮುಂಬಯಿ ಪ್ರಾಂತದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆ ಸೆಸ್ ಹಾಕಿದರು. ಅದರಲ್ಲಿ ಮೂರನೆಯ ಒಂದು ಪಾಲು ಶಾಲೆಗಳಿಗೆ. ಅಂದರೆ ಹಳ್ಳಿಯ ಶಾಲೆ ನಡೆದದ್ದು ರೈತನ ದುಡ್ಡಿನ ಮೇಲೆ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆ ಹೇಳಿದ್ದೂ ಇದನ್ನೇ. ದುಡ್ಡು ರೈತನದು, ಅದರ ಲಾಭ ಮೇಲಿನವರ ಮಕ್ಕಳಿಗೆ. ಕನಿಷ್ಠ 12 ವರ್ಷದವರೆಗಾದರೂ ಶಿಕ್ಷಣ ಕಡ್ಡಾಯವಾಗಲಿ, ಮಾಸ್ತರರೂ ಒಕ್ಕಲು ಮಕ್ಕಳಿಂದಲೇ ಬರಲಿ ಅಂತ ಅವರು ಕೇಳಿದರು. ದುಡ್ಡು ಯಾರದೋ ಅವರಿಗೆ ಲೆಕ್ಕ ಹೇಳಬೇಕು. ಬ್ಯಾಂಕಿನವನಾದ ನನಗೆ ಈ ಮಾತು ತಟ್ಟನೆ ಅರ್ಥವಾಯಿತು.

ಲಾರ್ಡ್ ರಿಪನ್‌ನ 1882ರ ಸ್ಥಳೀಯ ಸ್ವರಾಜ್ಯದ ಠರಾವಿನ ನಂತರ, 1884ರಲ್ಲಿ ತಾಲೂಕು, ಜಿಲ್ಲಾ ಲೋಕಲ್ ಬೋರ್ಡುಗಳು ಬಂದವು. ಆದರೆ ಕಡ್ಡಾಯ ಶಿಕ್ಷಣ ಮಾತ್ರ ದೂರವೇ ಉಳಿಯಿತು. ಅದನ್ನು ಮಾಡಿ ತೋರಿಸಿದವರು ಬಡೋದೆಯ ಸಯಾಜಿರಾವ್ ಗಾಯಕವಾಡರು. ಅವರು ಹುಟ್ಟಿದ್ದು ನಮ್ಮ ನಾಸಿಕ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯಲ್ಲಿ! 1893ರಲ್ಲಿ ಅಮರೇಲಿಯಲ್ಲಿ ಪ್ರಯೋಗ ಮಾಡಿ, 1906ರಲ್ಲಿ ಇಡೀ ಸಂಸ್ಥಾನಕ್ಕೆ ಕಡ್ಡಾಯ ಮಾಡಿದರು. ಅದೇ ಮಾತನ್ನು ಗೋಖಲೆಯವರು ಬ್ರಿಟಿಷ್ ಇಂಡಿಯಾಕ್ಕೆ ತರಲು ಮಸೂದೆ ಮಂಡಿಸಿದರೆ, 1912ರಲ್ಲಿ 38ಕ್ಕೆ 13 ಮತಗಳಿಂದ ಬಿದ್ದುಹೋಯಿತು. ಕೊನೆಗೆ 1918ರಲ್ಲಿ ವಿಠ್ಠಲಭಾಯಿ ಪಟೇಲರ ಕಾಯಿದೆ ಮುಂಬಯಿ ಪ್ರಾಂತದ ಪುರಸಭೆಗಳಿಗೆ ಕಡ್ಡಾಯ ಶಿಕ್ಷಣ ಜಾರಿ ಮಾಡುವ ಅಧಿಕಾರ ಕೊಟ್ಟಿತು. 1923ರ ಪ್ರಾಥಮಿಕ ಶಿಕ್ಷಣ ಕಾಯಿದೆ ಶಾಲೆಗಳ ಆಡಳಿತವನ್ನೇ ಲೋಕಲ್ ಬೋರ್ಡು, ಪುರಸಭೆಗಳ ಕೈಗೆ ಒಪ್ಪಿಸಿತು. ಆಗ ಅದನ್ನು ರೂಪಿಸಿದ ಶಿಕ್ಷಣ ಮಂತ್ರಿ, ಗಣಿತಜ್ಞ ಆರ್.ಪಿ. ಪರಾಂಜಪೆ. ನಮ್ಮಪ್ಪ ಹೆದರುತ್ತಿದ್ದ ಸ್ಕೂಲ್ ಬೋರ್ಡಿನ ಮೂಲ ಇಲ್ಲಿದೆ.

ಇಲ್ಲಿ ನಮ್ಮ ಕನ್ನಡಿಗರಿಗೆ ಒಂದು ಸ್ವಾರಸ್ಯವಿದೆ. ನಾಸಿಕವೂ ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಒಂದೇ ಮುಂಬಯಿ ಪ್ರಾಂತ, ಒಂದೇ ಕಾಯಿದೆ. ಗೋದಾವರಿ ದಂಡೆಯ ಮರಾಠಿ ಶಾಲೆ, ಮಲಪ್ರಭೆ ದಂಡೆಯ ಕನ್ನಡ ಶಾಲೆ ಎರಡಕ್ಕೂ ಒಂದೇ ನಮೂನೆಯ ಆಡಳಿತ. ಠರಾವು, ಇಯತ್ತೆ, ಮಾಸ್ತರ... ಈ ಶಬ್ದಗಳು ಎರಡೂ ಕಡೆ ಇರುವುದು ಸುಮ್ಮನೆ ಅಲ್ಲ.

ನಾಸಿಕದಿಂದ ಔರಂಗಾಬಾದಿಗೆ ಬಸ್ಸಿನಲ್ಲಿ ಹೋಗುವಾಗ ಯೇವಲಾ ದಾಟಿದ ಮೇಲೆ ವೈಜಾಪುರ ಬರುತ್ತದೆ. ಯೇವಲಾ ಬ್ರಿಟಿಷರದು, ವೈಜಾಪುರ ನಿಜಾಮರದು. ನಮ್ಮ ಕಡೆ ಗದಗ ಬ್ರಿಟಿಷರದು, ಕೊಪ್ಪಳ ನಿಜಾಮರದು ಇದ್ದ ಹಾಗೆ. ಗೆರೆಯ ಆಚೆ ನಿಜಾಮರ ಶಿಕ್ಷಣ ಇಲಾಖೆಯೇ ಎಲ್ಲ. ಆಡಳಿತದ ಭಾಷೆ ಉರ್ದು, ಮೇಲಿನ ಶಿಕ್ಷಣವೂ ಉರ್ದುವಿನಲ್ಲಿ. 1918ರ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಮರಾಠಿ ಅಥವಾ ಕನ್ನಡದ ಪಾಲಕ ಎದ್ದು ನಿಂತು ಮಾತಾಡುವ ಬೋರ್ಡಿನ ಸಭೆ ಅಲ್ಲಿರಲಿಲ್ಲ. ಹಾಗಾಗಿ ಜನ ತಾವೇ ಶಾಲೆ ಕಟ್ಟಿಕೊಂಡರು. 1907ರಲ್ಲಿ ಕಲಬುರ್ಗಿಯಲ್ಲಿ ನೂತನ ವಿದ್ಯಾಲಯ, 1915ರಲ್ಲಿ ಔರಂಗಾಬಾದಿನಲ್ಲಿ ಸರಸ್ವತಿ ಭುವನ. ಹೈದರಾಬಾದ್ ಮುಕ್ತಿ ಹೋರಾಟದ ನಾಯಕ ಸ್ವಾಮಿ ರಾಮಾನಂದ ತೀರ್ಥರೂ ಮೊದಲು ಶಾಲಾ ಮಾಸ್ತರರೇ ಅಲ್ಲವೇ? ಅಂದರೆ ನಾಸಿಕ–ಧಾರವಾಡ ಅಣ್ಣತಮ್ಮಂದಿರಾದರೆ, ಔರಂಗಾಬಾದ್–ಕಲಬುರ್ಗಿ ಅಕ್ಕತಂಗಿಯರು.

ಹಾಗಂತ ಬೋರ್ಡು ಇದ್ದ ಕಡೆ ಎಲ್ಲ ಬಂಗಾರವಾಗಿತ್ತು ಅಂತಲ್ಲ. 1923ರ ಆಗಸ್ಟ್ 4ರಂದು ಮುಂಬಯಿ ವಿಧಾನ ಪರಿಷತ್ತು ಎಸ್.ಕೆ. ಬೋಲೆಯವರ ಠರಾವು ಪಾಸು ಮಾಡಿತು. ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು. ಬಹಳ ಕಡೆ ಸ್ಥಳೀಯ ಸಂಸ್ಥೆಗಳು ಅದನ್ನು ಜಾರಿಗೇ ತರಲಿಲ್ಲ. 1926ರಲ್ಲಿ ಮತ್ತೆ ಠರಾವು ಮಾಡಬೇಕಾಯಿತು. ನಾಸಿಕದಲ್ಲೇ 1930ರಲ್ಲಿ ಕಾಳಾರಾಮ ಮಂದಿರದ ಮುಂದೆ ಅಂಬೇಡ್ಕರರು ಸತ್ಯಾಗ್ರಹ ಹೂಡಿದರು. 1950ರಲ್ಲಿ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಔರಂಗಾಬಾದಿನಲ್ಲಿ ಶುರುಮಾಡಿದ ಕಾಲೇಜೇ ಮುಂದೆ ಮಿಲಿಂದ ಎಂದು ಹೆಸರಾಯಿತು. ಊರಿನವರ ಕೈಗೆ ಅಧಿಕಾರ ಕೊಟ್ಟರೆ ಊರಿನ ಜಾತಿಯೂ ಸಭೆಗೆ ಬಂದು ಕುರ್ಚಿ ಹಿಡಿಯುತ್ತದೆ. ಇದನ್ನು ಮರೆಯಬಾರದು.

ಜೊತೆಗೆ ಅಪ್ಪ ಹೇಳುತ್ತಿದ್ದ ಬದ್ಲಿ ರಾಜಕಾರಣ. ಅದಕ್ಕೇ ಸರಕಾರ ಮೆಲ್ಲಗೆ ಹಗ್ಗ ಎಳೆದುಕೊಳ್ಳುತ್ತ ಬಂತು. ಬೋರ್ಡಿನ ಮೇಲೆ ಸರಕಾರದ ಅಧಿಕಾರಿ ಬಂದು ಕೂತರು. ನಮ್ಮ ಕಡೆ ಎ.ಓ. ಸಾಹೇಬರು ಅನ್ನುತ್ತಿದ್ದದ್ದು ಇವರಿಗೇ. 1947ರ ಹೊಸ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆಯಲ್ಲಿ ಈ ವ್ಯವಸ್ಥೆ ಗಟ್ಟಿಯಾಯಿತು.

1956ರ ನವೆಂಬರ್ 1ರಂದು ನಕಾಶೆ ಬದಲಾಯಿತು. ನಮ್ಮ ಜಿಲ್ಲೆಗಳು ಮೈಸೂರಿಗೆ, ಮರಾಠವಾಡಾ ಮುಂಬಯಿಗೆ. ನಮ್ಮಲ್ಲಿ ಸ್ಕೂಲ್ ಬೋರ್ಡುಗಳು ಕ್ರಮೇಣ ಮುಗಿದು ಶಾಲೆಗಳು ಇಲಾಖೆಯ ಕೈಗೆ ಹೋದವು. ಅಪ್ಪ "ಸರಕಾರಿ ಮಾಸ್ತರ" ಆದರು. ಇತ್ತ ಮಹಾರಾಷ್ಟ್ರದಲ್ಲಿ 1962ರ ಮೇ 1ರಂದು ಜಿಲ್ಲಾ ಪರಿಷತ್ತುಗಳು ಬಂದು, ಹಳ್ಳಿಯ ಶಾಲೆಗಳು ಅವುಗಳ ಶಿಕ್ಷಣ ಸಮಿತಿಯ ಕೆಳಗೆ ಸೇರಿದವು. ನಾಸಿಕಕ್ಕೂ ಔರಂಗಾಬಾದಿಗೂ ಒಂದೇ ನಮೂನೆಯ ಸಭೆ ಸಿಕ್ಕಿದ್ದು ಆಗಲೇ. ಪಟ್ಟಣಗಳಲ್ಲಿ ಮಾತ್ರ "ಶಿಕ್ಷಣ ಮಂಡಳ" ಅನ್ನುವ ಹೆಸರಿನಲ್ಲಿ ಹಳೆಯ ಬೋರ್ಡು ಉಳಿಯಿತು. ಎರಡೂ ಊರು 1982ರಲ್ಲಿ ಮಹಾನಗರಪಾಲಿಕೆಗಳಾದವು. 2013ರಲ್ಲಿ ರಾಜ್ಯ ಸರಕಾರ 1947ರ ಕಾಯಿದೆಯನ್ನೇ ರದ್ದು ಮಾಡಿ ಮಂಡಳಗಳನ್ನು ಮುಗಿಸಲು ಹೊರಟಿತು. ಶಾಲೆಗಳು ಪಾಲಿಕೆಯ ಆಡಳಿತದ ಒಳಗೇ ಸೇರಿದವು.

ಆಮೇಲಿನದು ನೀವು ಪೇಪರಿನಲ್ಲಿ ಓದಿದ್ದೀರಿ. ಔರಂಗಾಬಾದ್ ಪಾಲಿಕೆಯ ಅವಧಿ 2020ರಲ್ಲಿ, ನಾಸಿಕದ್ದು 2022ರಲ್ಲಿ ಮುಗಿದು, ಚುನಾವಣೆ ಇಲ್ಲದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಜಿಲ್ಲಾ ಪರಿಷತ್ತುಗಳಿಗೂ ಅದೇ ಗತಿ. ಆ ವರ್ಷಗಳಲ್ಲೂ ನಿರ್ಣಯಗಳು ಬಂದವು, ಕಡತಗಳು ಓಡಾಡಿದವು. ಆದರೆ "ಯಾಕೆ?" ಅಂತ ಕೇಳುವ ಆರಿಸಿಬಂದ ಸದಸ್ಯ ಇರಲಿಲ್ಲ. 2023ರಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿ ಸಮೂಹ ಶಾಲೆ ಮಾಡುವ ಮಾತು ಬಂದಾಗ, ಪಾಲಕರ ಕಡೆಯ ಸಭೆ ಅಂತ ಉಳಿದಿದ್ದು ಶಾಲೆಯ ಅಂಗಳದ್ದೊಂದೇ. 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು. (ಕರ್ನಾಟಕದಲ್ಲಿ 2001ರಲ್ಲೇ ಎಸ್‌ಡಿಎಂಸಿಗಳು ಬಂದಿದ್ದವು.)

ನಾವು ಹೊರನಾಡಿನವರು ಇದನ್ನು ತಲೆಗೆ ಹಚ್ಚಿಕೊಳ್ಳಬೇಕಾದ್ದೇಕೆ? ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳು, ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಜಿಲ್ಲಾ ಪರಿಷತ್ ಕನ್ನಡ ಶಾಲೆಗಳು ನಿಂತಿರುವುದು ಇಂಥ ಸಭೆಗಳ ಮೇಲೆಯೇ. ಕನ್ನಡ ಮಾಸ್ತರರ ಜಾಗ ಖಾಲಿ ಬಿದ್ದರೆ, ಪುಸ್ತಕ ತಡವಾದರೆ, ಪಟ್ಟಿಯಲ್ಲಿ ಮಕ್ಕಳು ಕಡಿಮೆಯಾದರೆ ಮೊದಲು ಕೇಳಬೇಕಾದವರು ಅಲ್ಲಿ ಕೂತ ಪಾಲಕರು. ನಾವು ರಾಜ್ಯೋತ್ಸವಕ್ಕೆ ಶಾಲು ಹೊದೆಯುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಆ ಸಭೆಗೆ ಎಷ್ಟು ಜನ ಹೋಗಿದ್ದೇವೆ? ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ. ನನ್ನ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿತರು. ಪಾಲಕರ ಸಭೆಯ ಚೀಟಿಗೆ ಸಹಿ ಮಾಡಿ ಕಳಿಸಿದ್ದೇ ಹೆಚ್ಚು. ಏನು ಬರೆದಿದೆ ಅಂತಲೂ ಓದಿದವನಲ್ಲ!

ಅಪ್ಪ ಈಗಿಲ್ಲ. ಕೊನೆಯ ದಿನಗಳಲ್ಲಿ ಒಮ್ಮೆ, "ಬೋರ್ಡ್ ಹೋಗಿದ್ದು ಛಲೋ ಆತಲ್ಲ, ಅಪ್ಪಾ?" ಅಂತ ಕೇಳಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಬದ್ಲಿ ಕಾಟ ತಪ್ಪಿತು ಖರೆ. ಆದ್ರ ಆಗ ಸಾಲಿ ಮ್ಯಾಲಿನ ಹೆಂಚು ಒಡದ್ರ, ಸಂತ್ಯಾಗ ಮೆಂಬರನ್ನ ಹಿಡದು ಕೇಳ್ತಿದ್ವಿ. ಆಮ್ಯಾಲ ಅರ್ಜಿ ಬರೀಲಿಕ್ಕೆ ಹತ್ತಿದ್ವಿ. ಅರ್ಜಿಗೆ ಮುಖ ಇರೂದಿಲ್ಲ, ತಮ್ಮಾ."

ಆ ತಾಯಿ ಮಾತ್ರ ನಾನು ಅಲ್ಲಿ ಇರುವವರೆಗೂ ಪ್ರತಿ ತಿಂಗಳು ಬಂದರು. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿ, ಒಂದೊಂದು ಸಾಲನ್ನೂ ಓದಿಸಿಕೊಂಡು ಹೋಗುತ್ತಿದ್ದರು. ಎರಡನೆಯ ತಿಂಗಳೇ ಬಾಗಿಲಿನ ಖರ್ಚು ಅದರಲ್ಲಿ ಕಾಣಿಸಿತು. ಠರಾವು ಬಾಗಿಲಾಗಿತ್ತು.

ನಿಮ್ಮೂರಿನಲ್ಲಿ ಸ್ಕೂಲ್ ಬೋರ್ಡಿನ ಕಾಲದ ಮಾಸ್ತರರು ಯಾರಾದರೂ ಉಳಿದಿದ್ದರೆ, ಕೂತು ಮಾತಾಡಿಸಿ ಬರೆದಿಡಿ. ಮಕ್ಕಳ ಶಾಲೆಯಿಂದ ಸಭೆಯ ಚೀಟಿ ಬಂದರೆ, ಸಹಿ ಮಾಡುವ ಮೊದಲು ಒಮ್ಮೆ ಓದಿ. ಆದರೆ ಹೋಗಿಯೂ ಬನ್ನಿ.