ಕೆಂಪು ಕೀಲಿಕೈ ಕಳೆದುಹೋದಾಗ: ಮೋಟಾರು ಕಾರಿನ ಬೀಗದ ಚರಿತ್ರೆ

1990ರ ದಶಕದ ನಡುವಿನಲ್ಲಿ ಇಟಲಿಯ ಫಿಯೆಟ್ ಕಂಪನಿಯ ಹೊಸ ಕಾರನ್ನು ಕೊಂಡವರಿಗೆ ಎರಡು ಬಣ್ಣದ ಕೀಲಿಕೈಗಳು ಸಿಗುತ್ತಿದ್ದವು. ನೀಲಿ ಹಿಡಿಯವು ದಿನಬಳಕೆಗೆ. ಕೆಂಪು ಹಿಡಿಯದು ಒಂದೇ ಒಂದು. ಅದನ್ನು ಬಳಸದೆ ಭದ್ರವಾದ ಕಡೆ ಇಟ್ಟುಕೊಳ್ಳಿ ಎಂದು ಕಾರಿನ ಕೈಪಿಡಿ ಎಚ್ಚರಿಸುತ್ತಿತ್ತು. ಜೊತೆಗೆ ಕೆಲವು ಅಂಕಿಗಳನ್ನು ಅಚ್ಚು ಹಾಕಿದ ಒಂದು ಕಾರ್ಡು. ಕಾರಿಗೆ ಹೊಸದೊಂದು ಕೀಲಿಕೈಯನ್ನು ಪರಿಚಯ ಮಾಡಿಸುವ ಅಧಿಕಾರ ಆ ಕೆಂಪು ಕೀಲಿಕೈಗೆ ಮಾತ್ರ ಇತ್ತು. ಕೆಂಪನ್ನು ಹಾಕಿ ತಿರುಗಿಸಿ, ಆಮೇಲೆ ಹೊಸದನ್ನು ತಿರುಗಿಸಿ, ಕೊನೆಗೆ ಮತ್ತೆ ಕೆಂಪನ್ನು ತಿರುಗಿಸಿದರೆ ಕಾರು ಹೊಸಬನನ್ನು ಒಪ್ಪಿಕೊಳ್ಳುತ್ತಿತ್ತು. ಕೆಂಪು ಕೀಲಿಕೈ ಕಳೆದುಹೋದರೆ? ಎಂಜಿನ್ನನ್ನು ನಿಯಂತ್ರಿಸುವ ವಿದ್ಯುನ್ಮಾನ ಪೆಟ್ಟಿಗೆಯನ್ನೇ ಬದಲಿಸಬೇಕು ಎಂಬುದು ಕಂಪನಿಯ ಉತ್ತರ.

ಅಂಗೈಯಷ್ಟೂ ಇಲ್ಲದ ಒಂದು ವಸ್ತು ಕಳೆದರೆ ಕಾರಿನ ಬೆಲೆಬಾಳುವ ಅಂಗವೊಂದನ್ನೇ ಕಿತ್ತು ಹಾಕಬೇಕಾದ ಈ ಸ್ಥಿತಿ ಹೇಗೆ ಬಂದಿತು? ಕೀಲಿಕೈಯ ಗುಟ್ಟು ಯಾವ ಯಾವ ಕಾಲದಲ್ಲಿ ಎಲ್ಲೆಲ್ಲಿ ಅಡಗಿ ಕುಳಿತಿತ್ತು ಎಂಬುದನ್ನು ಹಿಂಬಾಲಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ.

ಮೊದಮೊದಲ ಕಾರುಗಳನ್ನು ಮುಂದೆ ನಿಂತು ಹ್ಯಾಂಡಲ್ ತಿರುವಿ ಚಾಲೂ ಮಾಡಬೇಕಾಗಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಿತು. ಆದರೂ ಬಹುಕಾಲ ಕೀಲಿಕೈಯ ಕೆಲಸ ವಿದ್ಯುತ್ತನ್ನು ಹಾಯಿಸುವುದಷ್ಟೇ ಆಗಿತ್ತು; ಎಂಜಿನ್ ಎಬ್ಬಿಸಲು ಬೇರೊಂದು ಗುಂಡಿಯನ್ನು ಒತ್ತಬೇಕಿತ್ತು. ಒಂದೇ ಕೀಲಿಕೈಯನ್ನು ತಿರುಗಿಸಿ ಎರಡನ್ನೂ ಮಾಡುವ ಏರ್ಪಾಟನ್ನು 1949ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತಂದಿತು. ಈ ಕಾಲದ ಕೀಲಿಕೈಯ ಗುಟ್ಟೆಲ್ಲ ಅದರ ಹಲ್ಲುಗಳ ಆಕಾರದಲ್ಲಿತ್ತು. ಕಳೆದುಹೋದರೆ ಬೀಗವನ್ನು ಬಿಚ್ಚಿ ಒಳಗಿನ ತಗಡುಗಳನ್ನು ನೋಡಿ, ಅರದಿಂದ ಉಜ್ಜಿ ಹೊಸದನ್ನು ಮಾಡಿಕೊಡುವವರು ಎಲ್ಲ ಊರುಗಳಲ್ಲೂ ಇದ್ದರು. ನಮ್ಮ ಪೇಟೆಬೀದಿಗಳಲ್ಲಿ ಕೀ ಗೊಂಚಲನ್ನು ತೂಗುಹಾಕಿಕೊಂಡು ಕೂರುವವರ ವಿದ್ಯೆ ಅದೇ. ಆದರೆ ಒಡೆಯನಿಗೆ ಸುಲಭವಾದದ್ದು ಕಳ್ಳನಿಗೂ ಸುಲಭವೇ. ಇನ್ನೂ ಚುರುಕಾದ ಕಳ್ಳನಿಗೆ ಕೀಲಿಕೈಯೂ ಬೇಡ. ಬೀಗದ ಹಿಂದಿನ ಎರಡು ತಂತಿಗಳನ್ನು ಜೋಡಿಸಿದರೆ ಸಾಕಾಗಿತ್ತು.

ಇದಕ್ಕೆ ಮೊದಲ ದೊಡ್ಡ ಉತ್ತರ ಸ್ಟಿಯರಿಂಗ್ ಬೀಗ. ಪಶ್ಚಿಮ ಜರ್ಮನಿ 1960ರ ದಶಕದ ಆರಂಭದಲ್ಲಿ ಹೊಸ ಕಾರುಗಳಿಗೂ ಹಳೆಯ ಕಾರುಗಳಿಗೂ ಇದನ್ನು ಕಡ್ಡಾಯ ಮಾಡಿತು. ಬ್ರಿಟನ್ನಿನಲ್ಲಿ 1971ರಿಂದ ಹೊಸ ಕಾರುಗಳಿಗೆ ಮಾತ್ರ ಬಂದಿತು. ಇವೆರಡನ್ನೂ ಹೋಲಿಸಿ ಬ್ರಿಟನ್ನಿನ ಗೃಹ ಇಲಾಖೆಯ ಸಂಶೋಧಕರು 1976ರಲ್ಲಿ ಪ್ರಕಟಿಸಿದ ವರದಿ ಅಪರಾಧಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುವಂಥದು. ಜರ್ಮನಿಯಲ್ಲಿ ಕಾರುಗಳ್ಳತನ ತಗ್ಗಿ ಹಾಗೆಯೇ ನಿಂತಿತು. ಬ್ರಿಟನ್ನಿನಲ್ಲಿ ಹೊಸ ಕಾರುಗಳೇನೋ ಬಚಾವಾದವು, ಕಳ್ಳರು ಬೀಗವಿಲ್ಲದ ಹಳೆಯ ಕಾರುಗಳತ್ತ ತಿರುಗಿದರು! ಹಳೆಯ ಕಾರು ಸಾಮಾನ್ಯವಾಗಿ ಯಾರ ಬಳಿ ಇರುತ್ತದೆ ಎಂಬುದನ್ನು ಯೋಚಿಸಿದರೆ, ಈ ರಕ್ಷಣೆಯ ಖರ್ಚನ್ನು ಯಾರು ಭರಿಸಿದರು ಎಂಬುದೂ ತಿಳಿಯುತ್ತದೆ.

ಕೀಲಿಕೈಯ ಗುಟ್ಟು ಲೋಹದ ಆಕಾರವನ್ನು ಬಿಟ್ಟು ವಿದ್ಯುತ್ತಿಗೆ ದಾಟಿದ್ದು 1986ರ ಮಾದರಿಯ ಶೆವ್ರೊಲೆ ಕಾರ್ವೆಟ್ ಕಾರಿನಲ್ಲಿ. ಜನರಲ್ ಮೋಟಾರ್ಸ್ ಕಂಪನಿಯವರು ಕೀಲಿಕೈಯ ಅಲಗಿನಲ್ಲಿ ಒಂದು ಪುಟ್ಟ ರೆಸಿಸ್ಟರನ್ನು ಹುದುಗಿಸಿದರು. ಹಲ್ಲುಗಳು ಸರಿಯಿದ್ದು ರೋಧದ ಅಳತೆ ತಪ್ಪಿದರೆ ಕಾರು ಕೆಲವು ನಿಮಿಷ ಮುಷ್ಕರ ಹೂಡುತ್ತಿತ್ತು. ಆದರೆ ರೆಸಿಸ್ಟರಿನಲ್ಲಿ ಇದ್ದದ್ದು 15 ಬೆಲೆಗಳಷ್ಟೇ, ಅದನ್ನು ಶಾಲೆಯ ಪ್ರಯೋಗಾಲಯದ ಮೀಟರಿನಿಂದಲೂ ಅಳೆಯಬಹುದು. ಹಾಗಾಗಿ ಕೀಲಿಕೈ ಮಾಡುವವನ ಕಸುಬಿಗೆ ಇದರಿಂದ ಹೆಚ್ಚಿನ ತೊಡಕಾಗಲಿಲ್ಲ.

ನಿಜವಾದ ತಿರುವು ಬಂದದ್ದು ರಾಜಕೀಯದಿಂದ. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿದ್ದಿತು, ಗಡಿಗಳು ಸಡಿಲಗೊಂಡವು. ಜರ್ಮನಿಯಲ್ಲಿ ಕದ್ದ ಕಾರುಗಳು ಪೂರ್ವ ಯೂರೋಪಿನ ಕಡೆಗೆ ಹರಿಯತೊಡಗಿದವು. ಪರಿಹಾರ ಕೊಟ್ಟು ಕೊಟ್ಟು ಸಾಕಾದ ವಿಮಾ ಕಂಪನಿಗಳು, ಎಂಜಿನ್ ತಾನಾಗಿಯೇ ನಿಶ್ಚಲಗೊಳ್ಳುವ ವ್ಯವಸ್ಥೆಯಿಲ್ಲದ ಕಾರುಗಳಿಗೆ ಪೂರ್ಣ ಪರಿಹಾರ ಕೊಡಲು ಹಿಂಜರಿದು, ತಯಾರಕರ ಮೇಲೆ ಒತ್ತಡ ತಂದವು. ಯೂರೋಪಿನ ಒಕ್ಕೂಟ 1995ರಲ್ಲಿ ನಿರ್ದೇಶ ಹೊರಡಿಸಿತು. 1998ರ ಅಕ್ಟೋಬರಿನಿಂದ ಅಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಇಮ್ಮೊಬಿಲೈಸರ್ ಕಡ್ಡಾಯವಾಯಿತು.

ಇದು ಕೆಲಸ ಮಾಡುವ ಬಗೆ ಸ್ವಾರಸ್ಯವಾಗಿದೆ. ಕೀಲಿಕೈಯ ಹಿಡಿಯೊಳಗೆ ಕಾಳಿನಷ್ಟು ದೊಡ್ಡದಾದ ಚಿಪ್ ಇರುತ್ತದೆ, ಅದಕ್ಕೆ ಬ್ಯಾಟರಿ ಇಲ್ಲ. ಬೀಗದ ತೂತಿನ ಸುತ್ತ ತಾಮ್ರದ ತಂತಿಯ ಸುರುಳಿ ಇರುತ್ತದೆ. ಕೀಲಿಕೈ ತಿರುಗಿಸಿದಾಗ ಸುರುಳಿಯಲ್ಲಿ ಸೆಕೆಂಡಿಗೆ ಸುಮಾರು 1,25,000 ಸಲ ಅತ್ತಿತ್ತ ಬದಲಾಗುವ ವಿದ್ಯುತ್ ಹರಿಯುತ್ತದೆ. ಚಿಪ್ಪಿನೊಂದಿಗಿರುವ ಇನ್ನೊಂದು ಪುಟ್ಟ ಸುರುಳಿಯಲ್ಲಿ ಅದು ವಿದ್ಯುತ್ತನ್ನು ಹುಟ್ಟಿಸುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಪಠ್ಯಪುಸ್ತಕದ ಎರಡು ಸುರುಳಿಗಳ ಚಿತ್ರವನ್ನು ನೆನಪಿಸಿಕೊಳ್ಳಿ. ಹೀಗೆ ಎಚ್ಚೆತ್ತ ಚಿಪ್ ತನ್ನ ಸಂಖ್ಯೆಯನ್ನು ಹೇಳುತ್ತದೆ. ಕಾರಿನ ಪೆಟ್ಟಿಗೆ ತನ್ನ ನೆನಪಿನ ಪಟ್ಟಿಯಲ್ಲಿ ಅದನ್ನು ಹುಡುಕಿ, ಸಿಕ್ಕಿದರೆ ಎಂಜಿನ್ನಿಗೆ ಅಪ್ಪಣೆ ಕೊಡುತ್ತದೆ. ಮೊದಲ ತಲೆಮಾರಿನ ಚಿಪ್ ಪ್ರತಿ ಸಲವೂ ಅದೇ ಸಂಖ್ಯೆಯನ್ನು ಹೇಳುತ್ತಿತ್ತು, ಕೇಳಿಸಿಕೊಂಡವರು ನಕಲು ಮಾಡಬಹುದಾಗಿತ್ತು. ಆದ್ದರಿಂದ ನಂತರದವುಗಳಲ್ಲಿ ಕಾರು ಪ್ರತಿ ಸಲ ಬೇರೆ ಬೇರೆ ಲೆಕ್ಕವನ್ನು ಕೊಡುತ್ತದೆ. ಇಬ್ಬರಿಗೆ ಮಾತ್ರ ಗೊತ್ತಿರುವ ಗುಪ್ತ ಸಂಖ್ಯೆಯಿಂದ ಚಿಪ್ ಅದನ್ನು ಬಿಡಿಸಿ ಉತ್ತರ ಹೇಳಬೇಕು.

ಈಗ ಕೀಲಿಕೈಯ ಗುಟ್ಟು ಎಲ್ಲಿದೆ? ಅರ್ಧ ಚಿಪ್ಪಿನಲ್ಲಿ, ಇನ್ನರ್ಧ ಕಾರಿನ ನೆನಪಿನಲ್ಲಿ. ಹಲ್ಲು ಉಜ್ಜಿ ಕೊಟ್ಟ ಲೋಹದ ಕೀಲಿಕೈ ಬಾಗಿಲು ತೆಗೆಯುತ್ತದೆ, ಸ್ಟಿಯರಿಂಗ್ ಬಿಡಿಸುತ್ತದೆ. ಎಂಜಿನ್ ಮಾತ್ರ ಒಂದು ಕ್ಷಣ ಗುರುಗುಟ್ಟಿ ನಿಲ್ಲುತ್ತದೆ, ಅಥವಾ ಏಳುವುದೇ ಇಲ್ಲ. ಕೀಲಿಕೈ ಕಳೆದವನು ಇನ್ನು ಕಾರಿಗೆ ತನ್ನನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು. ಆ ಪರಿಚಯಕ್ಕೆ ಯಾರು ಸಾಕ್ಷಿ ಹೇಳಬೇಕು ಎಂಬಲ್ಲಿ ಕಂಪನಿಗಳ ದಾರಿ ಬೇರೆ ಬೇರೆಯಾಯಿತು.

ಫೋರ್ಡ್ ಕಂಪನಿಯ ಹಲವು ಮಾದರಿಗಳಲ್ಲಿ ಕಾರು ಬಲ್ಲ ಎರಡು ಕೀಲಿಕೈಗಳಿದ್ದರೆ ಮಾಲೀಕನೇ ಮನೆಯಂಗಳದಲ್ಲಿ ಮೂರನೆಯದನ್ನು ಸೇರಿಸಿಕೊಳ್ಳಬಹುದು. ಒಂದೇ ಉಳಿದಿದ್ದರೆ ಆ ಸೌಲಭ್ಯವಿಲ್ಲ. ಆಗ ವರ್ಕ್‌ಶಾಪಿನ ಯಂತ್ರವನ್ನು ಕಾರಿಗೆ ಜೋಡಿಸಿ, ಬೇಕೆಂದೇ ಇಟ್ಟಿರುವ ಸುಮಾರು ಹತ್ತು ನಿಮಿಷದ ಕಾಯುವಿಕೆಯನ್ನು ಮುಗಿಸಿ ಹೊಸದನ್ನು ದಾಖಲಿಸುತ್ತಾರೆ. ಅವಸರದಲ್ಲಿರುವ ಕಳ್ಳನಿಗೆ ಹತ್ತು ನಿಮಿಷ ದೊಡ್ಡದು, ಮಾಲೀಕನಿಗೆ ಒಂದು ಲೋಟ ಕಾಫಿಯ ಹೊತ್ತು. ನನಗೆ ಇದು ಎಲ್ಲಕ್ಕಿಂತ ಜಾಣ ಏರ್ಪಾಟೆನಿಸುತ್ತದೆ. ಟೊಯೋಟಾದ ಆರಂಭದ ಹಲವು ಕಾರುಗಳಲ್ಲಿ ಮಾಸ್ಟರ್ ಕೀಲಿಕೈ ಬೇರೆ, ವಾಹನ ನಿಲ್ಲಿಸುವ ಆಳಿಗೆ ಕೊಡುವ ಕೀಲಿಕೈ ಬೇರೆ. ಎರಡನೆಯದು ಕಾರು ಓಡಿಸಬಲ್ಲದು, ಇನ್ನೊಂದು ಕೀಲಿಕೈಗೆ ಜನ್ಮ ಕೊಡಲಾರದು. ಮಾಸ್ಟರುಗಳೆಲ್ಲ ಕಳೆದರೆ ಅಲ್ಲಿಯೂ ಪೆಟ್ಟಿಗೆಯನ್ನು ಬದಲಿಸುವ ಮಾತೇ ಬರುತ್ತಿತ್ತು.

ಫಿಯೆಟ್ ಕಾರ್ಡಿನ ವಿಷಯ ಹೇಳಲೇಬೇಕು. ಚಿಪ್ ಕೆಲಸ ಮಾಡದಿದ್ದರೆ ಕಾರ್ಡಿನಲ್ಲಿದ್ದ ಅಂಕಿಗಳನ್ನು ಕಾರಿಗೆ ತಿಳಿಸುವ ಒಂದು ಉಪಾಯವಿತ್ತು. ಕಾರಿನಲ್ಲಿ ಟೈಪು ಮಾಡುವ ಗುಂಡಿಗಳಿಲ್ಲವಲ್ಲ! ಆದ್ದರಿಂದ ಆಕ್ಸಿಲರೇಟರ್ ಪೆಡಲನ್ನೇ ಗುಂಡಿಯಾಗಿಸಿದರು. ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪ ಮಿಟುಕುತ್ತದೆ. ಮೊದಲ ಅಂಕಿ ನಾಲ್ಕಾದರೆ ನಾಲ್ಕು ಮಿಟುಕುಗಳನ್ನು ಎಣಿಸಿ ಪೆಡಲ್ ಒತ್ತಬೇಕು. ಹೀಗೆ ಒಂದೊಂದೇ ಅಂಕಿಯನ್ನು ಕಾಲಿನಿಂದ ಬರೆಯುತ್ತ ಹೋಗಿ, ಎಲ್ಲಿಯೂ ತಪ್ಪದಿದ್ದರೆ ಎಂಜಿನ್ ಏಳುತ್ತದೆ. ಆದರೆ ಇದು ತಾತ್ಕಾಲಿಕ. ಎಂಜಿನ್ ಆರಿಸಿದರೆ ಮತ್ತೆ ಮೊದಲಿನಿಂದ ಎಣಿಸಬೇಕು. ಹೊಸ ಕೀಲಿಕೈಯನ್ನು ದಾಖಲಿಸುವ ಶಕ್ತಿ ಕಾರ್ಡಿಗಿರಲಿಲ್ಲ.

ಹೊಸ ಕಾರಿನಲ್ಲಿ ಇದು ದುಬಾರಿ ರಗಳೆ, ಅಷ್ಟೆ. ಹಳೆಯ ಕಾರಿನಲ್ಲಿ ಮರಣದಂಡನೆಯಂತೆ. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕಾರು ನಾಲ್ಕಾರು ಕೈ ಬದಲಾಯಿಸಿರುತ್ತದೆ. ಕೆಂಪು ಕೀಲಿಕೈ ಮೊದಲ ಮಾಲೀಕನ ಮೇಜಿನ ಡ್ರಾಯರಿನಲ್ಲೇ ಉಳಿದಿರುತ್ತದೆ, ಕಾರ್ಡಂತೂ ಯಾರಿಗೂ ನೆನಪಿರುವುದಿಲ್ಲ. ಕಂಪನಿ ಆ ಪೆಟ್ಟಿಗೆಯ ತಯಾರಿಕೆಯನ್ನು ನಿಲ್ಲಿಸಿರುತ್ತದೆ. ಸಿಕ್ಕಿದರೂ ಅದರ ಬೆಲೆ ಕಾರಿನ ಬೆಲೆಯನ್ನು ಮೀರುವುದುಂಟು. ಹೀಗೆ ಎಂಜಿನ್, ಚಕ್ರ, ಬ್ರೇಕು ಎಲ್ಲವೂ ಸರಿಯಿರುವ ಕಾರು ಗುಜರಿಗೆ ಹೋಗುವ ಸಂದರ್ಭ ಬರುತ್ತದೆ. ನಂತರದ ಮಾದರಿಗಳಲ್ಲಿ ಫಿಯೆಟ್ ಕೆಂಪು ಕೀಲಿಕೈಯನ್ನೇ ಕೈಬಿಟ್ಟಿತು.

ಇಲ್ಲಿ ಕೀಲಿಕೈ ಮಾಡುವವನು ಹೊಸ ವೇಷದಲ್ಲಿ ಮರಳಿ ಬಂದ. ಪೆಟ್ಟಿಗೆಯೊಳಗೆ ಕೀಲಿಕೈಗಳ ಪಟ್ಟಿಯನ್ನು ನೆನಪಿಟ್ಟುಕೊಳ್ಳುವುದು ಸಾಮಾನ್ಯವಾಗಿ ಎಂಟು ಕಾಲುಗಳ ಒಂದು ಸಣ್ಣ ಸ್ಮೃತಿ ಚಿಪ್. ಬ್ಯಾಟರಿ ಕಿತ್ತರೂ ಅದರ ನೆನಪು ಅಳಿಯುವುದಿಲ್ಲ. ಬೆಸುಗೆಯ ಕಡ್ಡಿ ಹಿಡಿದ ಬೀಗದ ಕುಶಲಕರ್ಮಿಗಳು ಪೆಟ್ಟಿಗೆ ತೆರೆದು, ಆ ಚಿಪ್ಪನ್ನು ಓದಿ, ಹೊಸ ಕೀಲಿಕೈಯ ಸಂಖ್ಯೆಯನ್ನು ಬರೆಯುವುದನ್ನು ಕಲಿತರು. ಅರ ಹೋಗಿ ಕಂಪ್ಯೂಟರ್ ಬಂದಿತು. ಆದರೆ ಒಡೆಯನಿಗೆ ಸಾಧ್ಯವಾದದ್ದು ಕಳ್ಳನಿಗೂ ಸಾಧ್ಯ ಎಂಬ ಹಳೆಯ ತೊಡಕು ಹಾಗೆಯೇ ಉಳಿಯಿತು. ಅಮೆರಿಕದಲ್ಲಿ 2008ರಲ್ಲಿ ಇದಕ್ಕೊಂದು ದಾರಿ ಮಾಡಿದರು: ಹಿನ್ನೆಲೆ ಪರಿಶೀಲಿಸಿ ನೋಂದಾಯಿಸಿಕೊಂಡ ಕಸುಬುದಾರರಿಗೆ ಮಾತ್ರ ತಯಾರಕರು ಕೀಲಿಕೈಯ ಸಂಕೇತಗಳನ್ನು ಕೊಡುತ್ತಾರೆ. ಕೇಳುವವನು ಕಾರಿನ ಮಾಲೀಕನೇ ಎಂಬುದನ್ನು ದಾಖಲೆ ನೋಡಿ ಖಚಿತಪಡಿಸಿಕೊಳ್ಳುವ ಹೊಣೆ ಆ ಕಸುಬುದಾರನದು.

ಇತ್ತ ಗಣಿತಜ್ಞರೂ ಸುಮ್ಮನಿರಲಿಲ್ಲ. 2005ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಜನಪ್ರಿಯ ಚಿಪ್ಪೊಂದರ 40 ಬಿಟ್ ಗುಪ್ತ ಸಂಖ್ಯೆಯನ್ನು ಒಂದು ಗಂಟೆಯೊಳಗೆ ಭೇದಿಸಿ ತೋರಿಸಿದರು. ನಲವತ್ತು ಬಿಟ್ ಎಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕಾರ್ವೆಟ್ಟಿನ ಹದಿನೈದರ ಮುಂದೆ ಆಕಾಶದಷ್ಟು, ಯಂತ್ರಗಳ ಮುಂದೆ ಸಾಲದು. ಮೆಗಾಮೋಸ್ ಎಂಬ ಇನ್ನೊಂದು ಚಿಪ್ಪಿನ ದೌರ್ಬಲ್ಯ ಕಂಡ ಸಂಶೋಧಕರ ಲೇಖನಕ್ಕೆ 2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಇಂಗ್ಲೆಂಡಿನ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಅದು ಬೆಳಕು ಕಂಡದ್ದು 2015ರಲ್ಲಿ.

ಹಾಗೆಂದು ಇಮ್ಮೊಬಿಲೈಸರ್ ವ್ಯರ್ಥವೆನ್ನುವಂತಿಲ್ಲ. ಕೆನಡಾ 2007ರ ಸೆಪ್ಟೆಂಬರಿನಿಂದ ಅದನ್ನು ಕಡ್ಡಾಯ ಮಾಡಿತು, ನೆರೆಯ ಅಮೆರಿಕ ಮಾಡಲಿಲ್ಲ. ಅಮೆರಿಕದಲ್ಲಿ ಮಾರಾಟವಾದ ಹ್ಯುಂಡೈ, ಕಿಯಾ ಕಾರುಗಳಲ್ಲಿ ಬಹಳಷ್ಟಕ್ಕೆ ಇದು ಇರಲಿಲ್ಲ. 2021ರಿಂದ ಮುಂದೆ ಹದಿಹರೆಯದವರು ಯುಎಸ್‌ಬಿ ತಂತಿಯ ತುದಿಯಿಂದಲೇ ಬೀಗ ತಿರುಗಿಸಿ ಅವನ್ನು ಕದ್ದೊಯ್ದರು; ಗಡಿಯಾಚೆ ಕೆನಡಾದಲ್ಲಿ ಆ ಉಪಾಯ ನಡೆಯಲಿಲ್ಲ. ನಮ್ಮಲ್ಲಿಯೂ ಮಾರುತಿ ಕಾರುಗಳ ಐಕ್ಯಾಟ್ಸ್ ವ್ಯವಸ್ಥೆ ಇದೇ ಜಾತಿಯದು. ಕಾರು ಕಳುವಾದಾಗ ವಿಮಾ ಕಂಪನಿಗಳು ಎರಡೂ ಕೀಗಳನ್ನು ತಂದು ತೋರಿಸಿ ಎಂದು ಕೇಳುವುದನ್ನು ಬಹಳ ಮನೆಗಳವರು ಬಲ್ಲರು.

ಯೂರೋಪಿನಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ ಮಾರುವ ಗುಜರಿ ವ್ಯಾಪಾರಿಗಳು ಎಂಜಿನ್ನಿನ ಪೆಟ್ಟಿಗೆ, ಇಮ್ಮೊಬಿಲೈಸರ್ ಪೆಟ್ಟಿಗೆ ಮತ್ತು ಅದೇ ಕಾರಿನ ಕೀಲಿಕೈ, ಈ ಮೂರನ್ನೂ ಒಟ್ಟಾಗಿ ಒಂದು ಸೆಟ್ ಎಂದು ಮಾರುತ್ತಾರೆ. ಬೇರೆ ಬೇರೆಯಾದರೆ ಮೂರೂ ನಿರುಪಯುಕ್ತ. ಕೆಂಪು ಕೀಲಿಕೈ ಕಳೆದುಕೊಂಡವರು ಅಂಥ ಸೆಟ್ಟನ್ನು ತಂದು ತಮ್ಮ ಕಾರಿಗೆ ಹಾಕಿಸಿಕೊಳ್ಳುತ್ತಾರೆ. ಬೇರೆ ಕಾರಿನ ಕೀಲಿಕೈಯ ಹಲ್ಲು ತಮ್ಮ ಬೀಗಕ್ಕೆ ಹೊಂದುವುದಿಲ್ಲವಾದ್ದರಿಂದ ಅದರ ಚಿಪ್ಪನ್ನು ಮಾತ್ರ ತೆಗೆದು, ಹೊಸದಾಗಿ ಉಜ್ಜಿಸಿದ ಕೀಲಿಕೈಯ ಹಿಡಿಯೊಳಗೆ ಇಡಿಸುತ್ತಾರೆ. ಕೆಲವರು ಅಷ್ಟೂ ಕಷ್ಟಪಡದೆ, ಬೀಗದ ಸುತ್ತಲಿನ ಸುರುಳಿಯ ಪಕ್ಕಕ್ಕೇ ಚಿಪ್ಪನ್ನು ಕಾಯಮ್ಮಾಗಿ ಅಂಟಿಸಿಬಿಡುತ್ತಾರೆ. ಆ ಕಾರು ಆಮೇಲೆ ಬೀಗಕ್ಕೆ ಹೊಂದುವ ಯಾವ ಲೋಹದ ತುಂಡಿಗಾದರೂ ಏಳುತ್ತದೆ, 1949ರ ಕ್ರೈಸ್ಲರಿನ ಹಾಗೆ.